ಮುಗಿಸಿದವರೇ ತೊಳೆಯಬೇಕು

ಆ ಮನೆಯಲ್ಲಿದ್ದದ್ದು ಒಂದೇ ಕಾನೂನು, ಅದನ್ನು ಮಾಡಿದವರು ಅತ್ತೆ: ಪಾತ್ರೆಯಲ್ಲಿದ್ದದ್ದನ್ನು ಯಾರು ಮುಗಿಸುತ್ತಾರೋ ಅವರೇ ಪಾತ್ರೆ ತೊಳೆಯಬೇಕು. ಕಾನೂನೇನೋ ನ್ಯಾಯವಾಗಿಯೇ ಇತ್ತು. ಅದನ್ನು ಯಾರೂ ಮುರಿಯಲಿಲ್ಲ. ಅದರ ಕೈಗೆ ಸಿಕ್ಕಿಬೀಳಲೂ ಇಲ್ಲ. ಯಾವುದನ್ನೂ ಪೂರ್ತಿ ಮುಗಿಸದೆ ಎದ್ದುಬಿಡುವ ವಿದ್ಯೆಯನ್ನು ಮನೆಮಂದಿಯೆಲ್ಲ ಕರಗತ ಮಾಡಿಕೊಂಡರು, ಅಷ್ಟೆ.

ಹಾಗಾಗಿ ಅಡುಗೆಮನೆಯ ಮೂಲೆಯ ಫ್ರಿಜ್ಜು ಕೊನೆಯ ಚಮಚಗಳ ಆಶ್ರಮವಾಗಿತ್ತು. ಒಂದು ಬಟ್ಟಲಲ್ಲಿ ಬೆಂದ ಬಟಾಣಿ, ಏಳೆಂಟು ಕಾಳು. ಒಂದು ಲೋಟದ ತಳದಲ್ಲಿ ಗುಟುಕಿನಷ್ಟು ಹಣ್ಣಿನ ರಸ. ಜಾಮಿನ ಬಾಟಲಿಗಳ ಒಂದು ಸಾಲೇ ಇತ್ತು, ಎಲ್ಲದರಲ್ಲೂ ಗಾಜಿಗೆ ಅಂಟಿಕೊಂಡಷ್ಟೇ ಜಾಮು. ಐಸ್‌ಕ್ರೀಮಿನ ಡಬ್ಬಿಯಲ್ಲಿ ಆಲೂಗೆಡ್ಡೆಯ ಒಂದು ಹೋಳು, ಮೊಸರಿನ ಡಬ್ಬಿಯಲ್ಲಿ ಸೂಪು. ಮೊಸರು ಎಲ್ಲಿದೆ ಎಂಬುದು ಯಾರಿಗೂ ಗೊತ್ತಿರಲಿಲ್ಲ. ಬಾಗಿಲು ಮುಚ್ಚಬೇಕಾದರೆ ಮೊದಲು ಮೊಣಕೈಯಿಂದ ಒತ್ತಿ, ಆಮೇಲೆ ಸೊಂಟದಿಂದ ಒಂದು ಗುದ್ದು ಕೊಡಬೇಕಿತ್ತು.

ಮಾವ ಕೋರ್ಟಿನಲ್ಲಿ ಗುಮಾಸ್ತರಾಗಿದ್ದು ನಿವೃತ್ತರಾದವರು. ಯಾವ ತೀರ್ಮಾನವೂ ಇವತ್ತೇ ಆಗಬೇಕಾಗಿಲ್ಲ ಎಂಬ ಶಾಂತಿ ಅವರಿಗೆ ಅಲ್ಲಿಂದಲೇ ಬಂದಿತ್ತು. ಅತ್ತೆ ಮುಂದಿನ ಕೋಣೆಯಲ್ಲಿ ಮೆಷಿನ್ನು ಹಾಕಿಕೊಂಡು ಬಟ್ಟೆ ಹೊಲಿಯುವವರು. ಎಂಥ ಸಣಕಲ ಬಂದರೂ ಹೊಲಿಗೆಯ ಒಳಗೆ ಎರಡು ಬೆರಳು ಬಟ್ಟೆ ಬಿಡದೆ ಇದ್ದವರಲ್ಲ. "ಇವತ್ತು ಸಣ್ಣಗಿದ್ದಾನೆ, ನಾಳೆ?" ಎನ್ನುವರು. ಕತ್ತರಿಸಿ ಉಳಿದ ಚೂರನ್ನೂ ಎಸೆಯರು. ಮಗ ಡ್ರೈವಿಂಗ್ ಸ್ಕೂಲಿನ ಮೇಷ್ಟ್ರು. ಪಕ್ಕದ ಸೀಟಿನಲ್ಲಿ ಕೂತು ಬೇರೆಯವರ ತಪ್ಪಿಗೆ ಬ್ರೇಕು ಒತ್ತಿ ಒತ್ತಿ, ಊಟದ ಮೇಜಿನ ಕೆಳಗೂ ಅವನ ಬಲಗಾಲು ಏನನ್ನೋ ತುಳಿಯುತ್ತಿರುತ್ತಿತ್ತು.

ಸೊಸೆ ಹೂವಿನಂಗಡಿಯಲ್ಲಿ ಹೂಗುಚ್ಛ ಕಟ್ಟುವವಳು. ಮದುವೆಯಾಗಿ ಬಂದ ಹೊಸದರಲ್ಲಿ ಆ ಫ್ರಿಜ್ಜು ತೆರೆದು ನೋಡಿ ನಕ್ಕವಳು. "ನಮ್ಮ ತಾಯಿ ಮನೇಲಿ ಎಲ್ಲಾ ಆವತ್ತಾವತ್ತೇ ಮುಗಿಸ್ತೀವಪ್ಪ" ಎಂಬ ಮಾತನ್ನು ಆಗಾಗ, ಯಾರಿಗೂ ತಾಗದ ಹಾಗೆ, ಆದರೆ ಎಲ್ಲರಿಗೂ ಕೇಳಿಸುವ ಹಾಗೆ ಹೇಳುವವಳು.

ಆ ದಿನ ಮಧ್ಯಾಹ್ನ ಅವಳು ಹೊತ್ತಲ್ಲದ ಹೊತ್ತಿನಲ್ಲಿ ಅಂಗಡಿಯ ವ್ಯಾನಿನಿಂದ ಇಳಿದಳು. ಹಿಂದೆಯೇ ಬಕೆಟುಗಟ್ಟಲೆ ಹೂವು ಇಳಿಯಿತು.

"ಅತ್ತೆ, ಫ್ರಿಜ್ಜು ಬೇಕಿತ್ತು."

"ಬೇಡ ಅಂದೋರ್ಯಾರಮ್ಮ? ಏನಿಡ್ಬೇಕು, ಕೊಡು, ಜಾಗ ಮಾಡ್ತೀನಿ."

"ಜಾಗ ಅಲ್ಲ ಅತ್ತೆ. ಪೂರ್ತಿ ಫ್ರಿಜ್ಜು ಬೇಕು. ಖಾಲಿ."

ಮೆಷಿನ್ನಿನ ಮೇಲೆ ಆಡುತ್ತಿದ್ದ ಅತ್ತೆಯ ಕಾಲು ನಿಂತಿತು. ಆ ಮನೆಯಲ್ಲಿ 'ಫ್ರಿಜ್ಜು' ಮತ್ತು 'ಖಾಲಿ' ಒಂದೇ ಉಸಿರಿನಲ್ಲಿ ಬಂದದ್ದು ಅದೇ ಮೊದಲು.

ವಿಷಯ ಇಷ್ಟು. ಅಂಗಡಿಯ ಯಜಮಾನರು ಸ್ಟೇಷನ್ನಿನ ಹತ್ತಿರ ಎರಡನೆಯ ಅಂಗಡಿ ತೆರೆಯುವವರಿದ್ದರು. ಅದನ್ನು ವರ್ಷಗಳಿಂದ ಗುಲಾಬಿಯ ಮುಳ್ಳು ಕಿತ್ತು ಕೈ ಗೀರಿಸಿಕೊಂಡ ಇವಳ ಕೈಗೆ ಕೊಡುವುದೋ, ಗುಲಾಬಿಗೂ ಹೂಕೋಸಿಗೂ ಇರುವ ವ್ಯತ್ಯಾಸ ಈಚೆಗಷ್ಟೇ ತಿಳಿದುಕೊಂಡಿದ್ದ ತಮ್ಮ ಭಾವಮೈದನಿಗೆ ಕೊಡುವುದೋ ಎಂದು ಅವರು ತೂಗುತ್ತಿದ್ದರು. "ನಾಡಿದ್ದು ಮದುವೆ ಔತಣದ ಮೇಜಿನ ಹೂವೆಲ್ಲಾ ನಿಂದು. ನೋಡ್ತೀನಿ, ಆಮೇಲೆ ಹೇಳ್ತೀನಿ" ಎಂದಿದ್ದರು. ಹಾಗೆಂದ ಮಾರನೆಯ ಬೆಳಗ್ಗೆಯೇ ಅಂಗಡಿಯ ಕೋಲ್ಡ್ ರೂಮು ಒಂದು ಸಲ ಕೆಮ್ಮಿ ಸುಮ್ಮನಾಯಿತು. ಯಜಮಾನರು ತಮ್ಮ ಹೂವನ್ನು ಪರಿಚಯದ ಹೋಟೆಲಿಗೆ ಸಾಗಿಸಿದರು. ಇವಳ ಹೂವಿಗೆ ಅಲ್ಲಿ ಜಾಗವಿರಲಿಲ್ಲ. "ಅಂಗಡಿ ನಡೆಸೋರು ಇಂಥದ್ದನ್ನೆಲ್ಲಾ ನಿಭಾಯಿಸ್ಬೇಕಮ್ಮ" ಎಂದು ಹೇಳಿ ಭಾವಮೈದನ ಕಡೆ ನೋಡಿದರಂತೆ. ಭಾವಮೈದ ಹೌದೆಂದು ತಲೆಯಾಡಿಸಿದನಂತೆ.

"ತಲೆ ಬೇರೆ ಆಡಿಸಿದ್ನಾ ಅವನು?" ಎಂದು ಅತ್ತೆ ಕತ್ತರಿ ಕೆಳಗಿಟ್ಟು ಎದ್ದರು. "ನಡಿ. ಖಾಲಿ ಮಾಡೋಣ."

"ಇನ್ನೊಂದು ಮಾತು ಅತ್ತೆ. ಒಳಗೆ ಹಣ್ಣು ಒಂದೂ ಇರಬಾರ್ದು. ಅದರಲ್ಲೂ ಸೇಬು."

"ಸೇಬು ಏನು ಮಾಡ್ತು ಪಾಪ?"

"ಸೇಬಿನ ಗಾಳಿ ತಾಗಿದ್ರೆ ಈ ಕಾರ್ನೇಷನ್ ಹೂವು ನಿದ್ದೆ ಹೋಗುತ್ತೆ. ದಳ ಎಲ್ಲಾ ಒಳಗೆ ಮುದುರ್ಕೊಂಡ್ರೆ ಮುಗೀತು. ಆಮೇಲೆ ನೀರಿಡಿ, ಸಕ್ಕರೆ ಹಾಕಿ, ಕೈ ಮುಗೀರಿ, ಏಳಲ್ಲ."

"ನಿಮ್ಮ ಮಾವನ ಜಾತಿ ಅನ್ನು."

"ಕೇಳಿಸ್ತು," ಎಂದರು ಒಳಕೋಣೆಯಿಂದ ಮಾವ.

ಸ್ವಿಚ್ಚು ಆರಿಸಿ, ಫ್ರಿಜ್ಜಿನಲ್ಲಿದ್ದದ್ದನ್ನೆಲ್ಲ ಊಟದ ಮೇಜಿನ ಮೇಲೆ ಹರಡಿದರು. ಮೇಜು ಸಾಲದೆ ಕುರ್ಚಿಗಳಿಗೂ ಬಂತು. ಮಾವ ಕನ್ನಡಕ ಹಾಕಿಕೊಂಡು ಉಳಿದ ಒಂದೇ ಕುರ್ಚಿಯಲ್ಲಿ ಗಂಭೀರವಾಗಿ ಕೂತರು.

"ಯಾವುದನ್ನೂ ವಿಚಾರಣೆ ಇಲ್ದೆ ಎಸೆಯೋ ಹಾಗಿಲ್ಲ," ಎಂದರು.

ಮೊದಲು ಕರೆಸಿದ್ದು ಒಂದು ಪ್ಲಾಸ್ಟಿಕ್ ಡಬ್ಬಿಯನ್ನು. ಅತ್ತೆ ಮುಚ್ಚಳ ತೆಗೆದರು, ಮೂಸಿದರು, ಮುಚ್ಚಿದರು.

"ಸೊಪ್ಪಿರ್ಬೇಕು."

"ಅಮ್ಮಾ, ಅದು ಕೇಕು," ಎಂದ ಮಗ. ಅವನು ಆಗಷ್ಟೇ ಕೆಲಸದಿಂದ ಬಂದು ಬಾಗಿಲಲ್ಲೇ ನಿಂತಿದ್ದ.

"ಯಾರ ಹುಟ್ಟಿದ ದಿನದ್ದೋ?"

"ಯಾರದ್ದೇ ಆಗ್ಲಿ, ಅವರಿಗೆ ಈಗ ಕೂದಲು ನೆರೆತಿರುತ್ತೆ. ಎಸಿ."

"ಮುಂದಿನ ತಾರೀಖಿಗೆ ಹಾಕೋಣ," ಎಂದರು ಮಾವ.

"ಮಾವ," ಎಂದಳು ಸೊಸೆ, "ನಾಳೆ ಬೆಳಿಗ್ಗೆ ನನ್ನ ಅಂಗಡಿ ಹೋಗುತ್ತೆ."

ಮಾವ ಅವಳ ಮುಖ ನೋಡಿದರು. ಬಕೆಟಿನ ಹೂವು ನೋಡಿದರು. ಕನ್ನಡಕ ಸರಿಮಾಡಿಕೊಂಡು, "ಕೇಕು ವಜಾ," ಎಂದರು. ಅವರ ಬಾಯಿಂದ ಅಷ್ಟು ಬೇಗ ತೀರ್ಪು ಬಂದದ್ದನ್ನು ಕಂಡು ಅತ್ತೆಗೇ ಒಂದು ಕ್ಷಣ ಗಾಬರಿಯಾಯಿತು.

ಆಮೇಲೆ ಕೆಲಸ ಸರಸರನೆ ಸಾಗಿತು. ಕೆಟ್ಟದ್ದು ಕಸದ ಬುಟ್ಟಿಗೆ ಹೋಯಿತು. ತರಕಾರಿ ಡ್ರಾಯರಿನ ತಳದಲ್ಲಿ, ಒಣಗಿದ ಕ್ಯಾರೆಟ್ಟಿನ ಪಕ್ಕದಲ್ಲಿ, ಅತ್ತೆಯ ಹಳೆಯ ಅಳತೆ ಟೇಪು ಸುರುಳಿ ಸುತ್ತಿಕೊಂಡು ಮಲಗಿತ್ತು. "ಇದನ್ನ ನಾನು ಕಳೆದೆ ಅಂತ ನನ್ನ ಮೇಲೆ ಹಾರಾಡಿದ್ಯಲ್ಲೇ!" ಎಂದರು ಮಾವ. "ಈಗಲೂ ಕಳೆದೋರು ನೀವೇ ಅಂತಾನೇ ನನ್ನ ನಂಬಿಕೆ. ಜಾಗ ಮಾತ್ರ ಗೊತ್ತಾಯ್ತು," ಎಂದರು ಅತ್ತೆ.

ತೊಡಕು ಬಂದದ್ದು ಕೆಡದೆ ಉಳಿದಿದ್ದವುಗಳ ಹತ್ತಿರ. ತಿನ್ನಬಹುದಾದ ಕೊನೆಯ ಚಮಚಗಳು ಮೇಜಿನ ತುಂಬ ಕೂತಿದ್ದವು. ನಾಲ್ಕು ಜನ ಅವುಗಳ ಸುತ್ತ ನಿಂತಿದ್ದರು. ಯಾರೂ ಚಮಚ ಮುಟ್ಟಲಿಲ್ಲ. ಮಗ ಬಟಾಣಿಯ ಬಟ್ಟಲನ್ನು ಮೆಲ್ಲಗೆ ಅಪ್ಪನ ಕಡೆ ಸರಿಸಿದ. ಅಪ್ಪ ಅದನ್ನು ಅಷ್ಟೇ ಮೆಲ್ಲಗೆ ಹೆಂಡತಿಯ ಕಡೆ ದಾಟಿಸಿದರು.

"ನಂಗೆ ಹಸಿವಿಲ್ಲ," ಎಂದರು ಅತ್ತೆ, ತಮ್ಮದೇ ಕಾನೂನಿನ ಎದುರು ನಿಂತು.

ಸೊಸೆ ದೊಡ್ಡ ಬಾಣಲೆ ಒಲೆಯ ಮೇಲಿಟ್ಟಳು. ಬಟಾಣಿ, ಆಲೂಗೆಡ್ಡೆ, ಚೀಸಿನ ತುಣುಕು, ಅನ್ನದ ಅಗುಳು, ಸಾಸಿನ ತಳ, ಎಲ್ಲವನ್ನೂ ಒಂದೊಂದಾಗಿ ಕೆರೆದು ಅದಕ್ಕೆ ಸುರಿದಳು. ಜಾಮಿನ ಬಾಟಲಿಗಳಿಗೆ ಮಾತ್ರ ಬಿಸಿನೀರು ಹಾಕಿ ಕುಲುಕಿ ಚೆಲ್ಲಿದಳು. ನೋಡನೋಡುತ್ತ ಮನೆಯ ಪಾತ್ರೆಯೆಲ್ಲ ಬರಿದಾಯಿತು.

"ಇದರಲ್ಲೊಂದು ಕಾನೂನಿನ ಪ್ರಶ್ನೆ ಇದೆ," ಎಂದರು ಮಾವ. "ಈಗ ಮುಗಿಸಿದ್ದು ಯಾರು?"

"ಬಾಣಲೆ."

"ಹಾಗಾದ್ರೆ ತೊಳೆಯೋದೂ..."

"ಬಾಣಲೆಗೆ ಕೈ ಇಲ್ಲ ಮಾವ. ನಿಮಗಿದೆ."

ಮಗ ತೊಳೆದ, ಮಾವ ಒರೆಸಿದರು. ಬಟ್ಟಲು, ಲೋಟ, ಗಿಂಡಿ, ಜಾಮಿನ ಬಾಟಲಿ, ಒಂದು ಹಳೆಯ ಸಾಸಿವೆ ಡಬ್ಬಿ, ಎಲ್ಲವೂ ಬಟ್ಟೆಯ ಮೇಲೆ ಬೋರಲಾಗಿ ಸಾಲುಗಟ್ಟಿ ಕೂತವು. ನೀಲಿ ಅಂಚಿನ ಪಿಂಗಾಣಿ ಬಟ್ಟಲೊಂದನ್ನು ಅತ್ತೆ ಎತ್ತಿಕೊಂಡು ತಿರುಗಿಸಿ ತಿರುಗಿಸಿ ನೋಡಿದರು.

"ಏನತ್ತೆ?"

"ಇದನ್ನ ಪಕ್ಕದ ಮನೆಯೋಳು ತಗೊಂಡ್ಹೋಗಿ ವಾಪಸ್ ಕೊಡ್ಲಿಲ್ಲ ಅಂತ ನಾನು ಅವಳ ಹತ್ರ ಮಾತು ಬಿಟ್ಟಿದ್ದೆ ಕಣೇ."

"ಅಯ್ಯೋ! ಈಗ್ಲಾದ್ರೂ ಹೋಗಿ ಮಾತಾಡ್ಸಿ."

"ಮಾತಾಡ್ಸೋಣ, ಮಾತಾಡ್ಸೋಣ. ಏಕಾಏಕಿ ಮಾತಾಡ್ಸಿದ್ರೆ ಅವಳಿಗೆ ಅನುಮಾನ ಬರಲ್ವಾ?"

ಸೇಬನ್ನೆಲ್ಲ ಮಗ ಬುಟ್ಟಿಗೆ ತುಂಬಿ ಮುಂದಿನ ಕೋಣೆಗೆ ಸಾಗಿಸಿದ. ಸೊಸೆ ಗಾಜಿನ ತಟ್ಟೆಗಳನ್ನು ಹೊರಗೆಳೆದು ಸೋಪಿನ ನೀರಿನಲ್ಲಿ ತಿಕ್ಕಿದಳು. ಬಾಗಿಲಿನ ರಬ್ಬರಿನ ಸಂದಿಯನ್ನು ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಕೆದಕಿದಳು. ಹಿಂಬದಿಯ ಧೂಳು ತೆಗೆಯಲು ಫ್ರಿಜ್ಜು ಎಳೆಯಬೇಕಾದಾಗ ಮೇಷ್ಟ್ರು ದೂರದಲ್ಲಿ ನಿಂತು, "ಎಡಕ್ಕೆ, ಎಡಕ್ಕೆ, ನಿಧಾನ, ಹಿಂದೆ ಗೋಡೆ ಇದೆ," ಎಂದು ಕಲಿಸಿದ. "ನೀವೂ ಕೈ ಹಾಕಿದ್ರೆ ಗೋಡೆ ಏನೂ ಬೇಜಾರು ಮಾಡ್ಕೊಳ್ಳಲ್ಲ," ಎಂದಳು ಅವಳು. ಫ್ರಿಜ್ಜು ಮತ್ತೆ ಗುಂಯ್‌ಗುಟ್ಟಿದಾಗ ಒಳಗಿನ ದೀಪ ಬರಿದಾದ ಬಿಳಿ ಗೋಡೆಗಳ ಮೇಲೆ ಬಿತ್ತು. ನಾಲ್ವರೂ ಬಗ್ಗಿ ಇಣುಕಿದರು. "ಇದರ ಹಿಂದಿನ ಗೋಡೆ ಬಿಳೀದಾ!" ಎಂದರು ಮಾವ.

ಬಾಣಲೆಯದ್ದು ಬಿಸಿಬಿಸಿಯಾಗಿ ತಟ್ಟೆಗಳಿಗೆ ಹಂಚಿಹೋಯಿತು. ಅದಕ್ಕೆ ಹೆಸರಿರಲಿಲ್ಲ, ರುಚಿ ಇತ್ತು. ಎರಡನೆಯ ಸಲ ಹಾಕಿಸಿಕೊಂಡ ಮಾವನಿಗೆ ಅಷ್ಟು ದಿನ ತಾವು ಯಾವುದನ್ನು ಮುಂದೂಡುತ್ತ ಬಂದಿದ್ದೆವೆಂಬುದು ಅರಿವಾದಂತಿತ್ತು.

ಆಮೇಲೆ ಸೊಸೆ ಹೂವು ಕಟ್ಟಲು ಕೂತಳು. ಮೇಜಿಗೊಂದು ಎತ್ತರದ ಗುಚ್ಛ: ನಡುವೆ ಕಾರ್ನೇಷನ್, ಸುತ್ತ ಹಸಿರೆಲೆ. ಮದುಮಗಳ ಕೈಗೆ ಬಿಳಿ ಗುಲಾಬಿಯದ್ದು ಬೇರೆ. ಅವಳ ಬೆರಳು ನೂಲು ಸುತ್ತುತ್ತಿರುವಾಗ ಮನೆಯಲ್ಲಿ ಯಾರೂ ಜೋರಾಗಿ ಮಾತಾಡಲಿಲ್ಲ. ಪೂರ್ತಿ ಅರಳದ ಮೊಗ್ಗುಗಳನ್ನೂ, ದಂಟು ಮುರಿದು ಗಿಡ್ಡವಾದವನ್ನೂ ಅವಳು ಪಕ್ಕಕ್ಕೆ ಎಸೆಯುತ್ತ ಹೋದಳು.

"ಇವೇನಾಗಿದ್ದಾವೆ?" ಎಂದರು ಅತ್ತೆ.

"ಮೊಗ್ಗು ನಾಳೆ ಹೊತ್ತಿಗೆ ಅರಳಲ್ಲ ಅತ್ತೆ. ಗಿಡ್ಡದ್ದು ಗುಚ್ಛಕ್ಕೆ ನಿಲ್ಲಲ್ಲ. ಎಸೀರಿ."

ಅತ್ತೆ ಎಸೆಯುತ್ತಾರೆಯೇ? ತೊಳೆದು ಬೋರಲಿಟ್ಟಿದ್ದ ಬಟ್ಟಲು, ಬಾಟಲಿಗಳನ್ನು ತಂದು, ನೀರು ಹಾಕಿ, ಮೊಗ್ಗುಗಳ ದಂಟನ್ನು ಬಟ್ಟಲಿಗೆ ತಕ್ಕಂತೆ ಕತ್ತರಿಸಿ ಒಂದೊಂದು ಹಿಡಿ ಚುಚ್ಚಿ, ಬಚ್ಚಲುಮನೆಯ ಕಿಟಕಿಯ ಕಟ್ಟೆಯ ಮೇಲೂ ಕೆಳಗೂ ಸಾಲಾಗಿ ಇಟ್ಟರು. ಬಂದು, ಕೆಲಸದ ನಡುವೆ ಬಾಯಾಡಿಸಲು ಏನನ್ನೋ ಹೆಚ್ಚಿ ಎಲ್ಲರಿಗೂ ಹಂಚಿದರು. ಸೊಸೆಯ ಎರಡೂ ಕೈಯಲ್ಲಿ ಹೂವಿತ್ತು. ಬಾಯಿಗೇ ಒಂದು ಹೋಳು ಇಟ್ಟರು. ಅವಳು ತಲೆ ಎತ್ತದೆ ಅಗಿದು ನುಂಗಿದಳು. ಗುಚ್ಛಗಳೆಲ್ಲ ಫ್ರಿಜ್ಜಿನೊಳಗೆ ನಿಂತ ಮೇಲೆ ಅವಳು ಬಾಗಿಲನ್ನು ಒಂದು ಬೆರಳಿನಿಂದ ಮುಚ್ಚಿದಳು. ಸೊಂಟ ಬೇಕಾಗಲಿಲ್ಲ. ನೆಮ್ಮದಿಯಾಗಿ ಕೈಕಾಲು ತೊಳೆಯಲು ಹೋದಳು.

ಬೆಳಗ್ಗೆ ಬಾಗಿಲು ತೆರೆದಾಗ ಮದುಮಗಳ ಗುಲಾಬಿ ನಗುತ್ತಿತ್ತು. ಕಾರ್ನೇಷನ್ನುಗಳೆಲ್ಲ ನಿದ್ದೆ ಹೋಗಿದ್ದವು.

ದಳಗಳು ಒಳಗೆ ಮುದುರಿ, ತುದಿ ಸೊರಗಿ, ಒಂದೊಂದು ಹೂವೂ ಮುಷ್ಟಿ ಬಿಗಿಹಿಡಿದಂತಿತ್ತು. ಸೊಸೆ ನಿಂತಲ್ಲೇ ನಿಂತಳು. ಆಮೇಲೆ ಒಳಗೆ ಕೈಯಾಡಿಸಿ, ಬಾಗಿಲಿನಲ್ಲಿ ಬೆಣ್ಣೆ ಇಡುವ ಗೂಡಿನಿಂದ ಒಂದು ಸ್ಟೀಲಿನ ಡಬ್ಬಿ ಹೊರತೆಗೆದಳು. ಮುಚ್ಚಳ ಓರೆಯಾಗಿತ್ತು. ಒಳಗೆ ಸೇಬಿನ ಸಿಪ್ಪೆ, ತಿರುಳು, ಮತ್ತು ಒಂದೇ ಒಂದು ಹೋಳು.

"ಇದನ್ನ ಯಾರು ಇಟ್ಟಿದ್ದು?"

ಅವಳ ದನಿ ಏರಿರಲಿಲ್ಲ, ಅದಕ್ಕೇ ಮೂವರಿಗೂ ಹೆದರಿಕೆಯಾಯಿತು.

"ನಾನು ಹೆಚ್ಚಿದ್ದಷ್ಟೇ," ಎಂದರು ಅತ್ತೆ. "ಡಬ್ಬೀಲಿ ತುಂಬಾ ಇತ್ತಪ್ಪ ಆಗ. ಇವನ ಕೈಗೆ ಕೊಟ್ಟೆ."

"ನಾನು ತಿಂದು ಎರಡು ಹೋಳು ಬಿಟ್ಟಿದ್ದೆ," ಎಂದ ಮಗ. "ಅಪ್ಪನಿಗೆ ಕೊಟ್ಟೆ."

"ನಾನು ಅದರಲ್ಲಿ ಒಂದನ್ನಷ್ಟೇ ತಿಂದೆ," ಎಂದರು ಮಾವ. "ಅದಕ್ಕೆ ಸಾಕ್ಷಿ ನಿನ್ನ ಕೈಲೇ ಇದೆ."

"ಫ್ರಿಜ್ಜಲ್ಲಿ ಇಟ್ಟಿದ್ದು?"

"ಇಟ್ಟಿದ್ದು ನಾನೇ. ಆದ್ರೆ ನನ್ನಷ್ಟಕ್ಕೆ ಇಟ್ಟಿದ್ದಲ್ಲ. ಏನ್ಮಾಡ್ಲಿ ಇದನ್ನ ಅಂತ ಕೇಳ್ದೆ. 'ಉಳಿದಿದ್ದು ಮುಚ್ಚಿಡಿ' ಅಂದ್ರು. ಈ ಮನೇಲಿ ಮುಚ್ಚಿಡೋದು ಅಂದ್ರೆ ಎಲ್ಲಿ?"

"ಯಾರಂದ್ರು ಹಾಗೆ?"

ಮಾವ ಕನ್ನಡಕ ಒರೆಸತೊಡಗಿದರು. ಮಗ ಮೇಜಿನ ಕೆಳಗೆ ಬ್ರೇಕು ಒತ್ತಿದ. ಅತ್ತೆ ಸೊಸೆಯನ್ನು ನೋಡಿದರು. ಸೊಸೆಯ ನಾಲಿಗೆಗೆ ಹಿಂದಿನ ದಿನದ ಸಿಹಿ, ಹುಳಿ, ಕರುಮ್ಮೆಂದ ಒಂದು ಹೋಳು ತಡವಾಗಿ ನೆನಪಾಯಿತು. ಅದರ ಬೆನ್ನಿಗೇ, ತುಂಬಿದ ಬಾಯಿಂದ ತಾನೇ ಹೇಳಿದ ಮಾತೂ.

"ನಾನು," ಎಂದಳು.

ಅತ್ತೆ ತಡೆದುಕೊಳ್ಳಲು ನೋಡಿದರು. ಆಗಲಿಲ್ಲ.

"ನಿಮ್ಮ ತಾಯಿ ಮನೇಲಿ ಎಲ್ಲಾ ಆವತ್ತಾವತ್ತೇ ಮುಗಿಸ್ತಿದ್ರಲ್ಲಮ್ಮ?"

ಸೊಸೆಗೆ ಅಳುವೂ ನಗುವೂ ಒಟ್ಟಿಗೆ ಬಂದು, ಯಾವುದು ಮೊದಲು ಹೊರಬೀಳುತ್ತದೋ ತಿಳಿಯದೆ, ಮುಖ ತೊಳೆಯುವ ನೆಪದಲ್ಲಿ ಬಚ್ಚಲುಮನೆಗೆ ಓಡಿದಳು. ನಲ್ಲಿ ತಿರುಗಿಸುವ ಸದ್ದು ಮಾತ್ರ ಬರಲಿಲ್ಲ. ಮೂವರೂ ಬಾಗಿಲ ಬಳಿ ಗುಂಪಾದರು.

"ಹೋಗಿ ನೋಡೋ," ಎಂದು ಅತ್ತೆ ಮಗನನ್ನು ತಿವಿದರು.

"ಅತ್ತೆ!" ಎಂದು ಒಳಗಿನಿಂದ ಕೂಗು ಬಂತು. "ಈ ಬಟ್ಟಲುಗಳನ್ನ ಯಾರೂ ಮುಟ್ಬೇಡಿ!"

ಕಿಟಕಿಯ ಕಟ್ಟೆಯ ಮೇಲೆ ಹಿಂದಿನ ದಿನದ ಮೊಗ್ಗುಗಳೆಲ್ಲ ಅರಳಿ ನಿಂತಿದ್ದವು. ಬಚ್ಚಲಿನ ಬೆಚ್ಚಗಿನ ತೇವದಲ್ಲಿ, ಸೇಬಿನ ಗಾಳಿ ಸೋಕದ ಜಾಗದಲ್ಲಿ, ಅವು ತಮ್ಮ ಪಾಡಿಗೆ ತಾವು ಕೆಲಸ ಮಾಡಿ ಮುಗಿಸಿದ್ದವು. ಜಾಮಿನ ಬಾಟಲಿಯಲ್ಲಿ ಕೆಂಪು, ನೀಲಿ ಅಂಚಿನ ಬಟ್ಟಲಲ್ಲಿ ಬಿಳಿ, ಸಾಸಿವೆ ಡಬ್ಬಿಯಲ್ಲಿ ತಿಳಿ ಗುಲಾಬಿ. ಒಂದೊಂದೂ ಗೇಣುದ್ದಕ್ಕಿಂತ ಗಿಡ್ಡ. ಎತ್ತರದ ಗುಚ್ಛಕ್ಕೆ ಅವು ಬಾರವು. ಆದರೆ ಬಟ್ಟಲ ಸಮೇತ ಹಾಗೇ ಮೇಜಿನ ಮೇಲಿಟ್ಟರೆ?

ಡ್ರೈವಿಂಗ್ ಸ್ಕೂಲಿನ ಕಾರಿಗೆ ಬಟ್ಟಲುಗಳನ್ನು ಏರಿಸಿದರು. ಮಾವ ಹಿಂದಿನ ಸೀಟಿನಲ್ಲಿ ತೊಡೆಯ ಮೇಲೆ ತಟ್ಟೆಯಿಟ್ಟುಕೊಂಡು ಉಸಿರೂ ಆಡದೆ ಕೂತರು. ಪಕ್ಕದಲ್ಲಿ ಅತ್ತೆ ಎರಡು ಕೈಯಲ್ಲೂ ಬಾಟಲಿ ಹಿಡಿದಿದ್ದರು. ಮೇಷ್ಟ್ರು ಎಷ್ಟು ಮೆಲ್ಲಗೆ ಓಡಿಸಿದನೆಂದರೆ ಸೈಕಲ್ಲಿನವರು ಹಿಂದೆ ಹಾಕಿ ಹೋಗುವಾಗ ಒಳಗಿನ ಹೂವು ನೋಡಿ ಹಲ್ಲು ಬಿಟ್ಟರು. ಕಾರಿನ ತಲೆಯ ಮೇಲೆ 'ಕಲಿಯುತ್ತಿದ್ದೇವೆ' ಎಂಬ ಹಲಗೆ ಇತ್ತಾದ್ದರಿಂದ ಯಾರೂ ಹಾರ್ನು ಹೊಡೆಯಲಿಲ್ಲ.

ಔತಣದ ಹಾಲಿನಲ್ಲಿ ಯಜಮಾನರು ಭಾವಮೈದನ ಜೊತೆ ಬಂದಾಗ ಮೇಜುಗಳೆಲ್ಲ ಸಿದ್ಧವಾಗಿದ್ದವು. ಅವರು ಒಂದು ಸುತ್ತು ಹಾಕಿದರು. ಹುಬ್ಬು ಮೇಲೇರಿತು.

"ಎತ್ತರದ ಗುಚ್ಛ ಅಂತ ಮಾತಾಗಿತ್ತಲ್ಲಮ್ಮ."

"ಹೌದು ಸಾರ್. ಅವು ನನ್ನ ಕೈಯಿಂದಲೇ ಹಾಳಾದ್ವು," ಎಂದಳು ಸೊಸೆ. "ಇದು ಉಳಿದದ್ದರಲ್ಲಿ ಮಾಡಿದ್ದು."

ಭಾವಮೈದ ತಲೆಯಾಡಿಸಲು ಸಿದ್ಧನಾದ. ಅಷ್ಟರಲ್ಲಿ ಮದುಮಗಳ ತಾಯಿ ಅಲ್ಲಿಗೆ ಬಂದರು. ಒಂದು ಕುರ್ಚಿ ಎಳೆದು ಕೂತು, ಎದುರಿನವರನ್ನು ನೋಡಿ ಕೈ ಬೀಸಿದರು.

"ಇದನ್ನ ಮಾಡಿದ್ದು ನೀವೇನ್ರೀ? ಎಷ್ಟು ಮದುವೇಲಿ ಊಟ ಮಾಡಿದೀನಿ, ಮೇಜಿನ ಆಚೆ ಕೂತೋರ ಮುಖ ಕಂಡಿದ್ದು ಇವತ್ತೇ. ಇಲ್ದಿದ್ರೆ ಹೂವಿನ ಸಂದೀಲಿ ಬಗ್ಗಿ ಬಗ್ಗಿ ಮಾತಾಡ್ಬೇಕು. ನಮ್ಮ ತಂಗಿ ಮಗಳ ಮದುವೆ ಶನಿವಾರ ಇದೆ. ಅವರಿಗೂ ಇಂಥದ್ದೇ ಮಾಡ್ಕೊಡಿ."

ಯಜಮಾನರ ಹುಬ್ಬು ಸ್ವಸ್ಥಾನಕ್ಕೆ ಮರಳಿತು. ಒಂದು ಬಾಟಲಿಯನ್ನೆತ್ತಿ ಬೆಳಕಿಗೆ ಹಿಡಿದರು. ಅದರ ಮೇಲೆ ಸ್ಟ್ರಾಬೆರಿಯ ಅರ್ಧ ಚಿತ್ರ ಇನ್ನೂ ಅಂಟಿಕೊಂಡಿತ್ತು.

"ಈ ಬಟ್ಟಲು, ಬಾಟಲಿ ಎಲ್ಲಾ ಎಲ್ಲಿಂದ ತಂದೆ?"

"ನಮ್ಮ ಫ್ರಿಜ್ಜಿಂದ ಸಾರ್."

ಯಜಮಾನರು ಅದನ್ನು ಕೆಲವು ಕ್ಷಣ ಅರಗಿಸಿಕೊಂಡರು. ಬಾಟಲಿಯನ್ನು ಇದ್ದಲ್ಲೇ ಇಟ್ಟು, "ಸ್ಟೇಷನ್ ಅಂಗಡಿ ಬೀಗದಕೈ ಸೋಮವಾರ ಬಂದು ತಗೋ," ಎಂದರು. ಎರಡು ಹೆಜ್ಜೆ ಹೋಗಿ, ತಿರುಗಿ, "ಶನಿವಾರಕ್ಕೆ ಇನ್ನಷ್ಟು ಬಟ್ಟಲು ಬೇಕಾಗುತ್ತೆ. ಇದ್ಯಾ?" ಎಂದರು.

ಗೋಡೆಗೆ ಒರಗಿ ನಿಂತಿದ್ದ ಮಾವ ಎಲ್ಲರಿಗಿಂತ ಮೊದಲು, "ಇದೆ, ಇದೆ," ಎಂದುಬಿಟ್ಟರು.

ಅಂದಿನಿಂದ ಆ ಮನೆಯಲ್ಲಿ ಕೊನೆಯ ಚಮಚಗಳಿಗೆ ಕಾಲ ಕೆಟ್ಟಿತು. ಅತ್ತೆ ಕಾನೂನು ತಿದ್ದಲಿಲ್ಲ, ಜಾರಿ ಮಾಡತೊಡಗಿದರು. ಊಟಕ್ಕೆ ಕೂತವರ ಬೆನ್ನ ಹಿಂದೆ ನಿಂತು, "ಮುಗಿಸ್ರೀ, ಬಟ್ಟಲು ಬೇಕು," ಎನ್ನುವರು. "ವಾಯಿದೆ..." ಎಂದು ಮಾವ ಬಾಯಿ ತೆರೆಯುವ ಮೊದಲೇ ಅವರ ತಟ್ಟೆಗೆ ಬಟಾಣಿ ಬಿದ್ದಿರುತ್ತಿತ್ತು. ಅಂಗಿಯ ತೋಳು ಮಡಚಿಕೊಂಡು ನಲ್ಲಿಯ ಕೆಳಗೆ ಬಟ್ಟಲು ಹಿಡಿದು ಅವರು, "ಇದಕ್ಕೆ ಮೇಲಿನ ಕೋರ್ಟು ಇಲ್ವಾ?" ಎಂದು ಕೇಳುವರು. "ಇದೆ, ಅದೂ ನಾನೇ," ಎನ್ನುವರು ಅತ್ತೆ. ನೀಲಿ ಅಂಚಿನ ಬಟ್ಟಲನ್ನು ಮಾತ್ರ ಅವರು ಹೂವಿನ ಸಮೇತ ಪಕ್ಕದ ಮನೆಗೆ ಕೊಟ್ಟುಬಂದರು. ಏನು ಮಾತಾಯಿತೋ ಹೇಳಲಿಲ್ಲ. ಬರುವಾಗ ಕೈಯಲ್ಲಿ ಎರಡು ಗೌನಿನ ಬಟ್ಟೆ ಹೊಲಿಯಲು ತಂದಿದ್ದರು.

ಶುಕ್ರವಾರ ಸಂಜೆ ಬಟ್ಟಲು, ಬಾಟಲಿ, ಲೋಟಗಳೆಲ್ಲ ತೊಳೆಸಿಕೊಂಡು ಪೆಟ್ಟಿಗೆ ಸೇರಿದ ಮೇಲೆ ಸೊಸೆ ಮದುಮಗಳ ಗುಲಾಬಿ ಇಡಲು ಫ್ರಿಜ್ಜು ತೆರೆದಳು. ಒಳಗೆಲ್ಲ ಬಿಳಿ ಗೋಡೆ. ಡಬ್ಬಿಯಿಲ್ಲ, ಹಣ್ಣಿಲ್ಲ. ಬೆಣ್ಣೆಯ ಗೂಡಿನಲ್ಲಿ ಮಾತ್ರ ಒಂದು ಚಮಚ ಅಂಗಾತ ಮಲಗಿತ್ತು. ಅದರ ಕುಳಿಯಲ್ಲಿ, ಪಾತ್ರೆಯ ಹಂಗೇ ಇಲ್ಲದೆ, ಕೊನೆಯ ಒಂದು ಚಮಚ ಜಾಮು.

ಅವಳು ಹಿಂದೆ ಮುಂದೆ ನೋಡಿದಳು. ಅಡುಗೆಮನೆಯಲ್ಲಿ ಯಾರೂ ಇರಲಿಲ್ಲ. ಚಮಚ ತೆಗೆದು ಅರ್ಧ ಜಾಮನ್ನು ನೆಕ್ಕಿ, ಉಳಿದರ್ಧದ ಸಮೇತ ಅದನ್ನು ಮತ್ತೆ ಅಲ್ಲೇ ಇಟ್ಟು, ಒಂದು ಬೆರಳಿನಿಂದ ಬಾಗಿಲು ಮುಚ್ಚಿದಳು.